ಸೈಪ್ರಸ್‌ನಲ್ಲಿ ಶಾಂತಿ ಕಾಯುತ್ತ ಮಡಿದ ಕೊಡಗಿನ ಜನರಲ್ ತಿಮ್ಮಯ್ಯ

ಜನರಲ್ ಕೆ. ಎಸ್. ತಿಮ್ಮಯ್ಯನವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಮಡಿಕೇರಿಗೆ ಹೋದವರು ಅವರ ಪ್ರತಿಮೆಯನ್ನು ನೋಡಿರುತ್ತಾರೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರ ಹೆಸರಿಡಲಾಗಿದೆ. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸ ಶಾಲಾ ಮಕ್ಕಳಿಗೂ ತಿಳಿದಿದೆ. ಆದರೆ ಈ ಸೇನಾನಿ ಪ್ರಾಣ ಬಿಟ್ಟದ್ದು ಭಾರತದ ಗಡಿಯಲ್ಲಲ್ಲ, ಯುದ್ಧ ಮಾಡುತ್ತಲೂ ಅಲ್ಲ. 1965ರ ಡಿಸೆಂಬರ್ 18ರಂದು, ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೇವೆಯಲ್ಲಿದ್ದಾಗಲೇ ಹೃದಯಾಘಾತದಿಂದ ಅವರು ತೀರಿಕೊಂಡರು. ಆಗ ಅವರ ವಯಸ್ಸು 59.

ಯುದ್ಧ ಗೆದ್ದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇಬ್ಬರ ಜಗಳದ ನಡುವೆ ನಿಂತು, ಯಾರ ಪಕ್ಷವನ್ನೂ ಹಿಡಿಯದೆ, ಇಬ್ಬರಿಂದಲೂ ಮಾತು ಕೇಳಿಸಿಕೊಂಡವರ ಕಥೆ ಬೇಗ ಮರೆತುಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ತಿಮ್ಮಯ್ಯನವರ ಜೀವನದ ಕೊನೆಯ ಹದಿನೇಳು ತಿಂಗಳುಗಳ ಬಗ್ಗೆಯೇ ಹೆಚ್ಚಾಗಿ ಬರೆಯಲು ಬಯಸುತ್ತೇವೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯ ಕಾಫಿ ಬೆಳೆಗಾರರ ಮನೆತನದಲ್ಲಿ. ಎಳೆಯ ವಯಸ್ಸಿನಲ್ಲೇ ಅವರನ್ನು ಕೂನೂರಿನ ಸಂತ ಜೋಸೆಫರ ಶಾಲೆಗೆ ಕಳುಹಿಸಲಾಯಿತು. ಐರಿಶ್ ಬ್ರದರ್‌ಗಳು ನಡೆಸುತ್ತಿದ್ದ ಈ ಶಾಲೆಯ ಶಿಸ್ತು ಬಹಳ ಕಠಿಣವಾದದ್ದು. (ಮುಂದೆ ಸೈಪ್ರಸ್‌ನಲ್ಲಿ ಐರ್ಲೆಂಡಿನ ಸೈನಿಕರೇ ಅವರ ಕೈಕೆಳಗೆ ಕೆಲಸ ಮಾಡುವಂತಾದದ್ದು ಒಂದು ವಿಶೇಷ.) ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹರಾಡೂನಿನ ಸೈನಿಕ ಕಾಲೇಜು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅವರು ಸೇನಾಧಿಕಾರಿಯಾದರು. 1935ರಲ್ಲಿ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾದಾಗ ಈ ದಂಪತಿ ಅಲ್ಲೇ ಇದ್ದರು. ಪರಿಹಾರ ಕಾರ್ಯಕ್ಕಾಗಿ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ದೊರಕಿತು.

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ರಣರಂಗದಲ್ಲಿ ಬ್ರಿಗೇಡಿನ ನೇತೃತ್ವ ವಹಿಸಿದರು. ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯ ಅವರು. 1945ರಲ್ಲಿ ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿ ಹಾಜರಿದ್ದರು. ಅವರ ಅಣ್ಣ ಪೊನ್ನಪ್ಪನವರೋ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದವರು. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಯುದ್ಧದ ಎರಡು ಬದಿಗಳಲ್ಲಿ ನಿಂತಿದ್ದರು ಎಂಬುದನ್ನು ನಾವು ಗಮನಿಸಬೇಕು. 1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನಲ್ಲಿ ನಿರಾಶ್ರಿತರ ಸಾಲುಗಳನ್ನು ಕಾಯುವ ಹೊಣೆ ಅವರ ಮೇಲೆ ಬಿತ್ತು. ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬಾಳಿದವರು ಒಂದು ವಾರದೊಳಗೆ ಕೊಲೆಗಡುಕರಾಗುವುದನ್ನು ಅವರು ಕಣ್ಣಾರೆ ಕಂಡರು. ಮರುವರ್ಷ ಜೋಜಿಲಾ. 11,000 ಅಡಿಗೂ ಎತ್ತರದ ಆ ಕಣಿವೆಯಲ್ಲಿ, ನವೆಂಬರ್ 1ರಂದು, ಟ್ಯಾಂಕುಗಳ ದಾಳಿಯ ಮುಂಚೂಣಿಯಲ್ಲಿ ಸ್ವತಃ ಡಿವಿಜನ್ ಕಮಾಂಡರ್ ತಿಮ್ಮಯ್ಯನವರೇ ಇದ್ದರು.

ನಡುವೆ ನಿಲ್ಲುವ ವಿದ್ಯೆಯನ್ನು ಅವರು ಕಲಿತದ್ದು ಕೊರಿಯಾದಲ್ಲಿ. 1953ರ ಜುಲೈಯಲ್ಲಿ ಅಲ್ಲಿ ಕದನ ವಿರಾಮವಾಯಿತು. ಆದರೆ ದಕ್ಷಿಣದಲ್ಲಿ ಸೆರೆಯಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯನ್ ಸೈನಿಕರು ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಉತ್ತರದ ಸೆರೆಯಲ್ಲಿದ್ದ ಕೆಲವು ನೂರು ಮಂದಿಯದೂ ಇದೇ ಹಟ. ಇವರ ಭವಿಷ್ಯ ನಿರ್ಧರಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ಮಧ್ಯದಲ್ಲಿ ಅಧ್ಯಕ್ಷರಾಗಿ ತಿಮ್ಮಯ್ಯ. ಮತ ಹಾಕುವ ಪ್ರಸಂಗ ಬಂದರೆ ಇಬ್ಬರ ಎದುರು ಇಬ್ಬರು. ಕೊನೆಯ ಮತ ಇವರದೇ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಂತೂ ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದು ಪಟ್ಟು ಹಿಡಿದುದರಿಂದ, ಹಡಗಿನಲ್ಲಿ ಬಂದ ನಮ್ಮ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು.

ಕೈದಿಗಳ ಶಿಬಿರಗಳೊಳಗೆ ಕೈದಿಗಳದ್ದೇ ಆಡಳಿತ. ಒಮ್ಮೆ ಭಾರತೀಯ ಅಧಿಕಾರಿಯೊಬ್ಬರನ್ನೇ ಅವರು ಒತ್ತೆಯಾಗಿ ಹಿಡಿದರು. ಕಾವಲು ಪಡೆಯ ಮುಖ್ಯಸ್ಥ ಮೇಜರ್ ಜನರಲ್ ಥೋರಾಟ್ ಒಳಗೆ ಹೋಗಿ, ಮಾತಿನಿಂದಲೇ ಆ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಹಾಗೆಂದು ಎಲ್ಲವೂ ಮಾತಿನಲ್ಲೇ ಮುಗಿಯಲಿಲ್ಲ. ಗುಂಡು ಹಾರಿಸಬೇಕಾದ ಸಂದರ್ಭಗಳೂ ಬಂದವು, ಕೈದಿಗಳು ಸತ್ತದ್ದೂ ಉಂಟು. ಕೊನೆಗೆ 1954ರ ಜನವರಿಯಲ್ಲಿ, ಮಾತುಕತೆ ಮುರಿದುಬಿದ್ದು ದಾರಿ ಕಾಣದಾದಾಗ, ತಿಮ್ಮಯ್ಯನವರು ಕೈದಿಗಳನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಿದರು. ಇದರಿಂದ ಎರಡೂ ಕಡೆಯವರಿಗೆ ಅಸಮಾಧಾನವಾಯಿತು. ಆದರೂ ಮತ್ತೆ ಯುದ್ಧ ಹತ್ತಿಕೊಳ್ಳಲಿಲ್ಲ. ಈ ಅನುಭವವನ್ನು ಅವರು ಬರೆದಿಟ್ಟಿದ್ದರು. ಅದು ಪುಸ್ತಕವಾಗಿ ಹೊರಬಂದದ್ದು ಅವರು ತೀರಿಕೊಂಡು ಹದಿನಾರು ವರ್ಷಗಳ ನಂತರ, 1981ರಲ್ಲಿ.

1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯವಾಗಿ 1959ರಲ್ಲಿ ರಾಜೀನಾಮೆ ಕೊಟ್ಟದ್ದು, ನೆಹರೂ ಅವರ ಒತ್ತಾಯದ ಮೇಲೆ ಹಿಂಪಡೆದದ್ದು ಬಹಳ ಚರ್ಚೆಯಾದ ವಿಷಯ. ಇಲ್ಲಿ ಅದನ್ನು ಕೆದಕುವುದಿಲ್ಲ. ನಿವೃತ್ತರಾಗಿ ಕೊಡಗಿನ ಕಾಫಿ ತೋಟಕ್ಕೆ ಮರಳಿದವರಿಗೆ 1964ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಯು ಥಾಂಟ್ ಅವರಿಂದ ಕರೆ ಬಂತು.

ಸೈಪ್ರಸ್ ನಮ್ಮ ಓದುಗರಿಗೆ ತೀರಾ ಅಪರಿಚಿತವೇನಲ್ಲ. ಸಂತ ಪೌಲ ಮತ್ತು ಬಾರ್ನಬರು ಸಾಲಮಿಸ್ ಬಂದರಿನಲ್ಲಿ ಇಳಿದು ಪಾಫೋಸ್‌ವರೆಗೆ ದ್ವೀಪವನ್ನು ದಾಟಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುತ್ತದೆ. ಮುಂದೆ ಈ ದ್ವೀಪ ಸುಮಾರು ಮುನ್ನೂರು ವರ್ಷ ತುರ್ಕರ ಆಳ್ವಿಕೆಯಲ್ಲಿದ್ದು, 1878ರಲ್ಲಿ ಬ್ರಿಟಿಷರ ಕೈಗೆ ಬಂತು. 1960ರಲ್ಲಿ ಸ್ವತಂತ್ರವಾದಾಗ ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು 80 ಮಂದಿ ಗ್ರೀಕ್ ಭಾಷೆಯ ಆರ್ಥಡಾಕ್ಸ್ ಕ್ರೈಸ್ತರು, ಸುಮಾರು 18 ಮಂದಿ ತುರ್ಕಿ ಭಾಷೆಯ ಮುಸ್ಲಿಮರು. ಗ್ರೀಕರಲ್ಲಿ ಬಹುಪಾಲು ಜನರ ಕನಸು ಗ್ರೀಸ್ ದೇಶದೊಡನೆ ಒಂದಾಗುವುದು. ತುರ್ಕರ ನಾಯಕರ ಬೇಡಿಕೆ ದ್ವೀಪವನ್ನು ಎರಡಾಗಿ ಸೀಳುವುದು. ದ್ವೀಪ ದ್ವೀಪವಾಗಿಯೇ ಸ್ವತಂತ್ರವಾಗಿರಬೇಕೆಂದು ಮನಸಾರೆ ಬಯಸಿದವರು ಎರಡೂ ಕಡೆ ಕಡಿಮೆಯೇ ಎನ್ನಬೇಕು.

ರಾಷ್ಟ್ರಾಧ್ಯಕ್ಷರಾದವರು ಆರ್ಥಡಾಕ್ಸ್ ಸಭೆಯ ಮಹಾಧರ್ಮಾಧ್ಯಕ್ಷ ಮೂರನೆಯ ಮಕಾರಿಯೋಸ್. ತುರ್ಕರ ಆಳ್ವಿಕೆಯಲ್ಲಿ ಕ್ರೈಸ್ತ ಪ್ರಜೆಗಳ ಪರವಾಗಿ ಸರ್ಕಾರದೊಡನೆ ವ್ಯವಹರಿಸುತ್ತಿದ್ದವರು ಧರ್ಮಾಧ್ಯಕ್ಷರೇ ಆದ್ದರಿಂದ, ಧರ್ಮಗುರುವೇ ಜನನಾಯಕನಾಗುವುದು ಅಲ್ಲಿ ಹಳೆಯ ಪದ್ಧತಿ. ಆದರೆ ಬಲಿಪೀಠದ ಮುಂದೆ ನಿಲ್ಲುವವರೇ ಒಂದು ಜನಾಂಗದ ರಾಜಕೀಯ ಧ್ವಜವನ್ನೂ ಹಿಡಿದಾಗ, ಇನ್ನೊಂದು ಜನಾಂಗಕ್ಕೆ ಆ ಸರ್ಕಾರ ತನ್ನದೆಂದು ಅನಿಸುವುದು ಕಷ್ಟ. ಇದು ನಮ್ಮ ಅಭಿಪ್ರಾಯ. ತುರ್ಕಿ ಸಮುದಾಯದ ನಾಯಕ ಡಾ. ಫಾಜಿಲ್ ಕುಚುಕ್ ಉಪಾಧ್ಯಕ್ಷರಾದರು. ಸರ್ಕಾರಿ ನೌಕರಿಯಲ್ಲಿ 70ಕ್ಕೆ 30, ಸೇನೆಯಲ್ಲಿ 60ಕ್ಕೆ 40 ಎಂದು ಪಾಲು ಹಂಚಲಾಯಿತು. ಗ್ರೀಸ್, ತುರ್ಕಿ, ಬ್ರಿಟನ್ ಮೂರು ದೇಶಗಳೂ ಈ ವ್ಯವಸ್ಥೆಗೆ ಜಾಮೀನು ನಿಂತವು.

ವ್ಯವಸ್ಥೆ ಮೂರು ವರ್ಷವೂ ನೆಟ್ಟಗೆ ನಡೆಯಲಿಲ್ಲ. 1963ರ ನವೆಂಬರಿನಲ್ಲಿ ಮಕಾರಿಯೋಸರು ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು. ಅದರಿಂದ ತಮ್ಮ ರಕ್ಷಣೆಗಳು ಹೋಗುತ್ತವೆಂದು ತುರ್ಕರು ಭಯಪಟ್ಟರು. ಡಿಸೆಂಬರ್ 21ರಂದು ರಾಜಧಾನಿ ನಿಕೋಸಿಯಾದಲ್ಲಿ ರಕ್ತಪಾತ ಶುರುವಾಯಿತು. ಕ್ರಿಸ್ಮಸ್ ವಾರವಿಡೀ ಕೊಲೆ, ಸುಲಿಗೆ, ಬೆಂಕಿ. ಡಿಸೆಂಬರ್ 30ರಂದು ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಆಗ ಕೈಗೆ ಸಿಕ್ಕ ಪೆನ್ಸಿಲ್ ಹಸಿರು ಬಣ್ಣದ್ದಾದುದರಿಂದ ಅದಕ್ಕೆ ಹಸಿರು ಗೆರೆ ಎಂದೇ ಹೆಸರಾಯಿತು. ಸುಮಾರು 25,000 ತುರ್ಕರು ತಮ್ಮ ಹಳ್ಳಿಗಳನ್ನು ಬಿಟ್ಟು, ತಮ್ಮವರೇ ಇರುವ ಸಣ್ಣ ಸಣ್ಣ ಆವರಣಗಳಲ್ಲಿ ಸೇರಿಕೊಂಡರು.

1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ನಿರ್ಧರಿಸಿತು. ಅವಧಿ ಬರೀ ಮೂರು ತಿಂಗಳು. ಖರ್ಚಿಗೆ ನಿಶ್ಚಿತ ನಿಧಿಯಿಲ್ಲ. ರಾಷ್ಟ್ರಗಳು ಮನಸ್ಸು ಬಂದಷ್ಟು ಕೊಡಬೇಕು. ಮೊದಲ ದಂಡನಾಯಕರೂ ಭಾರತೀಯರೇ, ಲೆಫ್ಟಿನೆಂಟ್ ಜನರಲ್ ಪಿ. ಎಸ್. ಜ್ಞಾನಿ. ಜುಲೈಯಲ್ಲಿ ತಿಮ್ಮಯ್ಯನವರು ಅವರ ಸ್ಥಾನಕ್ಕೆ ಬಂದರು. ಬ್ರಿಟನ್, ಕೆನಡಾ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐರ್ಲೆಂಡ್ ದೇಶಗಳ ಸುಮಾರು ಆರು ಸಾವಿರ ಸೈನಿಕರು ಅವರ ಕೈಕೆಳಗೆ. ಇವರಲ್ಲಿ ಭಾರತದ ಒಂದು ತುಕಡಿಯೂ ಇರಲಿಲ್ಲ. ಆಯುಧವನ್ನು ಆತ್ಮರಕ್ಷಣೆಗೆ ಮಾತ್ರ ಬಳಸಬಹುದು. ಯಾರನ್ನೂ ಸೋಲಿಸುವಂತಿಲ್ಲ, ಯಾವ ಊರನ್ನೂ ಹಿಡಿಯುವಂತಿಲ್ಲ. ಜೋಜಿಲಾದ ಸೇನಾನಿಗೆ ಇದೆಂಥ ಪರೀಕ್ಷೆ ಎಂಬುದನ್ನು ಓದುಗರೇ ಊಹಿಸಬಹುದು.

ಪರೀಕ್ಷೆಗೆ ಬಹಳ ದಿನ ಕಾಯಬೇಕಾಗಲಿಲ್ಲ. ವಾಯವ್ಯ ಕರಾವಳಿಯ ಕೊಕ್ಕಿನಾ ಎಂಬಲ್ಲಿ ತುರ್ಕರಿಗೆ ಸಮುದ್ರದ ಮೂಲಕ ಆಯುಧಗಳು ಬರುತ್ತಿದ್ದವು. ಆಗಸ್ಟ್ ಮೊದಲ ವಾರ ಜನರಲ್ ಗ್ರಿವಾಸ್ ನಾಯಕತ್ವದಲ್ಲಿ ಗ್ರೀಕ್ ಸೈಪ್ರಿಯಾಟರ ಪಡೆ ಅದರ ಮೇಲೆ ಬಿತ್ತು. ಪ್ರತಿಯಾಗಿ ಆಗಸ್ಟ್ 8 ಮತ್ತು 9ರಂದು ತುರ್ಕಿಯ ವಿಮಾನಗಳು ಗ್ರೀಕ್ ಹಳ್ಳಿಗಳ ಮೇಲೆ ಬಾಂಬು ಸುರಿದವು. ಮಧ್ಯದಲ್ಲಿದ್ದ ಶಾಂತಿಪಾಲಕರು ಇದನ್ನು ತಡೆಯಲಾರದೆ ಹೋದರು. ಭದ್ರತಾ ಮಂಡಳಿಯ ಕರೆಗೆ ಎರಡೂ ಕಡೆಯವರು ಓಗೊಟ್ಟ ಮೇಲೆಯೇ ಗುಂಡು ನಿಂತದ್ದು. ಬಳಿಕ ಅದೇ ಗುಡ್ಡಗಳಲ್ಲಿ, ಎರಡು ಕಂದಕಗಳ ನಡುವೆ ನೀಲಿ ಟೊಪ್ಪಿಯವರು ಕಾವಲು ಠಾಣೆ ಹಾಕಿ ಕುಳಿತರು.

ತಿಮ್ಮಯ್ಯನವರ ಅವಧಿಯ ನಿಜವಾದ ಗೆಲುವು ನಿಕೋಸಿಯಾ–ಕೈರೇನಿಯಾ ರಸ್ತೆಯದು ಎಂದು ನಮಗೆ ತೋರುತ್ತದೆ. ರಾಜಧಾನಿಯಿಂದ ಉತ್ತರ ಕರಾವಳಿಗೆ ಹೋಗುವ ಈ ರಸ್ತೆ ತುರ್ಕರ ಹಿಡಿತದಲ್ಲಿದ್ದು, ಗ್ರೀಕರು ಅದರಲ್ಲಿ ಓಡಾಡುವಂತಿರಲಿಲ್ಲ. ಇನ್ನೊಂದೆಡೆ, ಒಪ್ಪಂದದಂತೆ ದ್ವೀಪದಲ್ಲಿರಬಹುದಾಗಿದ್ದ ತುರ್ಕಿ ದೇಶದ 650 ಸೈನಿಕರ ತುಕಡಿಯಲ್ಲಿ ಹಳಬರು ಹೋಗಿ ಹೊಸಬರು ಬರಬೇಕಿತ್ತು. ಅದಕ್ಕೆ ಬಿಡುವುದಿಲ್ಲವೆಂದು ಮಕಾರಿಯೋಸರು. ಬಲ ಪ್ರಯೋಗಿಸಿಯಾದರೂ ಕಳುಹಿಸುತ್ತೇವೆಂದು ತುರ್ಕಿ. ಯುದ್ಧಕ್ಕೆ ಇಷ್ಟೇ ಕಾರಣ ಸಾಕಿತ್ತು. ಹಲವು ವಾರಗಳ ಮಾತುಕತೆಯ ನಂತರ ಸೆಪ್ಟೆಂಬರ್ ಕೊನೆಯಲ್ಲಿ ಗಂಟು ಬಿಚ್ಚಿತು: ರಸ್ತೆ ವಿಶ್ವಸಂಸ್ಥೆಯ ವಶಕ್ಕೆ ಬರಬೇಕು, ಶಾಂತಿಪಾಲಕರಲ್ಲದೆ ಬೇರಾರೂ ಅದರಲ್ಲಿ ಆಯುಧ ಹಿಡಿದು ಬರಬಾರದು, ಸೈನಿಕರ ಬದಲಾವಣೆಗೆ ಸರ್ಕಾರ ಅಡ್ಡಿ ಮಾಡಬಾರದು. ಅಕ್ಟೋಬರ್ 26ರಂದು ಬದಲಾವಣೆ ಶಾಂತವಾಗಿ ನಡೆಯಿತು. ಗ್ರೀಕರ ಬಸ್ಸು ಕಾರುಗಳು ವಿಶ್ವಸಂಸ್ಥೆಯ ವಾಹನಗಳ ಬೆಂಗಾವಲಿನಲ್ಲಿ, ಗೊತ್ತುಮಾಡಿದ ಹೊತ್ತಿಗೆ, ಸಾಲಾಗಿ ಕೈರೇನಿಯಾಕ್ಕೆ ಹೋಗಿಬರತೊಡಗಿದವು. ಮಾತುಕತೆ ನಡೆಸಿದವರು ಹಲವರು. ಆದರೆ ಕಾಗದದ ಮೇಲಿನ ಒಪ್ಪಂದವನ್ನು ದಿನದಿನವೂ ಆ ರಸ್ತೆಯ ಮೇಲೆ ಉಳಿಸಿಕೊಂಡದ್ದು ತಿಮ್ಮಯ್ಯನವರ ಸೈನಿಕರು.

ಉಳಿದದ್ದೆಲ್ಲ ಸಣ್ಣ ಸಣ್ಣ ಕೆಲಸಗಳು. ತುರ್ಕರ ಆವರಣಗಳಿಗೆ ಸಿಮೆಂಟ್, ಕಬ್ಬಿಣ, ಮರ, ಇಂಧನ ಹೋಗದಂತೆ ಸರ್ಕಾರ ತಡೆ ಹಾಕಿತ್ತು. ಇವುಗಳಿಂದ ಕೋಟೆ ಕಟ್ಟುತ್ತಾರೆಂಬುದು ಅದರ ವಾದ. ಚಳಿಗಾಲದಲ್ಲಿ ಡೇರೆಯಲ್ಲಿರುವ ಕುಟುಂಬಕ್ಕೆ ಸೂರು ಬೇಡವೇ ಎಂಬುದು ಶಾಂತಿಪಾಲಕರ ವಾದ. ಒಂದೊಂದು ವಸ್ತುವಿಗೂ ಚೌಕಾಸಿ ನಡೆದು ನಿಷೇಧದ ಪಟ್ಟಿ ಕ್ರಮೇಣ ಚಿಕ್ಕದಾಯಿತು. ಕೊಯ್ಲಿನ ಕಾಲದಲ್ಲಿ ರೈತರು ಎದುರಾಳಿಗಳ ಬಂದೂಕಿನಳತೆಯಲ್ಲಿದ್ದ ಹೊಲಗಳಿಗೆ ಇಳಿಯುವಾಗ ಜೊತೆಗೆ ನೀಲಿ ಟೊಪ್ಪಿಯವರು ಹೋಗಿ ನಿಲ್ಲುತ್ತಿದ್ದರು. ಯಾರೋ ಒಂದು ಮರಳಿನ ಚೀಲ ಮುಂದಕ್ಕೆ ಸರಿಸಿದರೆ ಎದುರಿನವರು ಎರಡು ಸರಿಸುತ್ತಾರೆ. ಅದನ್ನು ಮತ್ತೆ ಹಿಂದಕ್ಕೆ ಹಾಕಿಸಲು ಗಂಟೆಗಟ್ಟಲೆ ಮಾತಾಡಬೇಕು.

ಇಂಥ ಕೆಲಸಕ್ಕೆ ನಂಬಿಕೆಯೇ ಬಂಡವಾಳ. 1964ರ ಸೆಪ್ಟೆಂಬರಿನಲ್ಲಿ ಸ್ವೀಡನ್ ಪಡೆಯ ಕೆಲವು ಸೈನಿಕರು ತುರ್ಕರಿಗೆ ಆಯುಧಗಳನ್ನು ಕದ್ದು ಸಾಗಿಸುತ್ತ ಸಿಕ್ಕಿಬಿದ್ದಾಗ ಆ ಬಂಡವಾಳವೇ ಕರಗುವಂತಾಯಿತು. ತಪ್ಪು ಮಾಡಿದವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಆದರೆ ಎರಡು ವರ್ಷಗಳುದ್ದಕ್ಕೂ ಗ್ರೀಕರು ಶಾಂತಿಪಾಲಕರನ್ನು ತುರ್ಕರ ಪಕ್ಷಪಾತಿಗಳೆಂದೂ, ತುರ್ಕರು ಅವರನ್ನು ಮಕಾರಿಯೋಸರ ಸರ್ಕಾರವನ್ನು ಉಳಿಸಲು ಬಂದವರೆಂದೂ ದೂರುತ್ತಲೇ ಇದ್ದರು.

ಪರಿಹಾರ ಹುಡುಕುವ ಕೆಲಸ ತಿಮ್ಮಯ್ಯನವರದಾಗಿರಲಿಲ್ಲ. ಅದಕ್ಕೆ ಪ್ರತ್ಯೇಕ ಸಂಧಾನಕಾರರಿದ್ದರು. ಮೊದಲನೆಯವರು, ಫಿನ್ಲೆಂಡಿನ ಸಕಾರಿ ತುಒಮಿಯೋಯಾ, 1964ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಂತರ ಬಂದವರು ಈಕ್ವೆಡಾರ್‌ನ ಮಾಜಿ ಅಧ್ಯಕ್ಷ ಗಾಲೊ ಪ್ಲಾಜಾ. 1965ರ ಮಾರ್ಚಿನಲ್ಲಿ ಅವರು ಕೊಟ್ಟ ವರದಿ ಗ್ರೀಸ್ ಜೊತೆ ವಿಲೀನವನ್ನೂ ಒಪ್ಪಲಿಲ್ಲ, ದ್ವೀಪದ ವಿಭಜನೆಯನ್ನೂ ಒಪ್ಪಲಿಲ್ಲ; ಇಬ್ಬರೂ ಕೂತು ಮಾತಾಡಿ, ಅಲ್ಪಸಂಖ್ಯಾತರಿಗೆ ಅಂತಾರಾಷ್ಟ್ರೀಯ ಭರವಸೆ ಇರಲಿ ಎಂದಿತು. ತುರ್ಕಿ ಅದನ್ನು ತಿರಸ್ಕರಿಸಿ, ಪ್ಲಾಜಾ ಅವರ ಕೆಲಸ ಮುಗಿಯಿತೆಂದು ಸಾರಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶಾಂತಿಪಾಲಕರು ಬಂದು ನಿಂತದ್ದರಿಂದಲೇ ನಾಯಕರಿಗೆ ರಾಜಿಯಾಗುವ ಅವಸರ ಇಲ್ಲವಾಯಿತು, ಜಗಳ ಹೆಪ್ಪುಗಟ್ಟಿತು ಎಂದು ಹೇಳುವ ವಿದ್ವಾಂಸರಿದ್ದಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎಂದು ನಾವೂ ಒಪ್ಪುತ್ತೇವೆ. ಆದರೆ 1964ರ ಬೇಸಿಗೆಯಲ್ಲಿ ಆ ಆರು ಸಾವಿರ ಜನ ಇಲ್ಲದಿದ್ದರೆ ಹಳ್ಳಿ ಹಳ್ಳಿಯಲ್ಲಿ ಏನಾಗುತ್ತಿತ್ತು ಎಂಬುದನ್ನು ಪಂಜಾಬನ್ನು ಕಂಡಿದ್ದ ತಿಮ್ಮಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಾಂತಿಪಾಲಕರು ಕಾಲಾವಕಾಶ ಗಳಿಸಿಕೊಟ್ಟರು. ಅದನ್ನು ವ್ಯರ್ಥ ಮಾಡಿದವರು ಅಥೆನ್ಸ್, ಅಂಕಾರಾ ಮತ್ತು ನಿಕೋಸಿಯಾದ ರಾಜಕಾರಣಿಗಳು. ಸೈನಿಕನ ಲೆಕ್ಕದಲ್ಲಿ ಅದನ್ನು ಬರೆಯುವುದು ನ್ಯಾಯವಲ್ಲ.

1965ರ ನವೆಂಬರಿನಲ್ಲಿ ಪೂರ್ವದ ಬಂದರು ನಗರ ಫಮಗುಸ್ತಾದಲ್ಲಿ ಮತ್ತೆ ಗುಂಡಿನ ಚಕಮಕಿ ನಡೆಯಿತು. ಶಾಂತಿಪಾಲಕರು ಮತ್ತೆ ಮಧ್ಯೆ ಪ್ರವೇಶಿಸಿ ಎರಡೂ ಕಡೆಯವರನ್ನು ಸಮಾಧಾನಪಡಿಸಬೇಕಾಯಿತು. ಮುಂದಿನ ತಿಂಗಳು ತಿಮ್ಮಯ್ಯನವರು ತೀರಿಕೊಂಡರು. ಅದೇ ಡಿಸೆಂಬರ್ 18ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೈಪ್ರಸ್‌ನ ಸ್ವಾತಂತ್ರ್ಯವನ್ನು ಎಲ್ಲ ರಾಷ್ಟ್ರಗಳೂ ಗೌರವಿಸಬೇಕೆಂದು ನಿರ್ಣಯ ಅಂಗೀಕರಿಸಿತು. ಆ ತಿಂಗಳು ಮುಗಿಯುವ ಮೊದಲೇ ಗಾಲೊ ಪ್ಲಾಜಾ ಸಂಧಾನಕಾರರ ಹುದ್ದೆಗೆ ರಾಜೀನಾಮೆ ಕೊಟ್ಟರು. ತಿಮ್ಮಯ್ಯನವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. 1966ರಲ್ಲಿ ಸೈಪ್ರಸ್ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಅಷ್ಟು ದೂರು ಹೇಳಿದ ಸರ್ಕಾರವೇ ಈ ಗೌರವ ಸಲ್ಲಿಸಿತು ಎಂಬುದು ಗಮನಾರ್ಹ.

ಮುಂದಿನ ಕಥೆ ಸುಖಾಂತವಲ್ಲ. 1974ರ ಜುಲೈ 15ರಂದು ಗ್ರೀಸಿನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಮಕಾರಿಯೋಸರ ವಿರುದ್ಧ ದಂಗೆ ನಡೆಯಿತು. ಐದು ದಿನಗಳಲ್ಲಿ ತುರ್ಕಿಯ ಸೇನೆ ಕೈರೇನಿಯಾದ ಬಳಿಯ ಕರಾವಳಿಯಲ್ಲಿ ಇಳಿಯಿತು. ಆಗಲೂ ಶಾಂತಿಪಾಲಕರ ದಂಡನಾಯಕರು ಭಾರತೀಯರೇ, ದಿವಾನ್ ಪ್ರೇಮ್ ಚಂದ್. ಹಸಿರು ಗೆರೆ ಈಗ ದ್ವೀಪದುದ್ದಕ್ಕೂ ಸುಮಾರು 180 ಕಿಲೋಮೀಟರ್ ಬೆಳೆಯಿತು. 1983ರಲ್ಲಿ ಉತ್ತರ ಭಾಗ ತನ್ನನ್ನು ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು. ತುರ್ಕಿಯ ಹೊರತು ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. 2004ರ ಜನಮತದಲ್ಲಿ ಒಂದಾಗುವ ಯೋಜನೆಗೆ ತುರ್ಕರಲ್ಲಿ ನೂರಕ್ಕೆ 65 ಮಂದಿ ಹೌದೆಂದರು, ಗ್ರೀಕರಲ್ಲಿ 76 ಮಂದಿ ಬೇಡವೆಂದರು. 1963ರಿಂದ ಕಾಣೆಯಾದ ಸುಮಾರು 2,000 ಮಂದಿಯಲ್ಲಿ ಸಾವಿರಕ್ಕೂ ಹೆಚ್ಚು ಜನರ ಅಸ್ಥಿಗಳನ್ನು ಎರಡೂ ಸಮುದಾಯಗಳ ತಜ್ಞರು ಒಟ್ಟಾಗಿ ಅಗೆದು ತೆಗೆದು, ಗುರುತಿಸಿ, ಮನೆಯವರಿಗೆ ಒಪ್ಪಿಸಿದ್ದಾರೆ.

ನಿಕೋಸಿಯಾದ ಪಾಫೋಸ್ ಬಾಗಿಲ ಬಳಿ ಪವಿತ್ರ ಶಿಲುಬೆಯ ಕಥೋಲಿಕ ದೇವಾಲಯವಿದೆ. ಅದು ಇರುವುದು ವಿಶ್ವಸಂಸ್ಥೆ ಕಾಯುವ ಆ ನಡುಪಟ್ಟಿಯಲ್ಲೇ. 2010ರ ಜೂನಿನಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅಲ್ಲಿ ಬಲಿಪೂಜೆ ಅರ್ಪಿಸಿದರು. 2021ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ವಲಸಿಗರೊಡನೆ ಅಲ್ಲಿ ಪ್ರಾರ್ಥಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿಸೈಡ್ ಅನ್ನು ರಾಷ್ಟ್ರಪತಿ ರಾಮನಾಥ ಕೋವಿಂದರು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಮೂರು ತಿಂಗಳಿಗೆಂದು ಸೈಪ್ರಸ್‌ಗೆ ಹೋದ ಆ ಪಡೆ ಇನ್ನೂ ಹಿಂದಿರುಗಿಲ್ಲ.